ಕೊಯ್ಲು ಮುಗಿದ ಮೇಲೆ, ಕೊಳೆ ಮದ್ದಿಗೆ ಮುನ್ನ: ಹಿಮನದಿಯ ಮೇಲೆ ಐದು ಬೆಳಗುಗಳು

ಅಡಿಕೆ ತೋಟವಿರುವ ಮನೆಯವರು ಹತ್ತು ದಿನ ಒಟ್ಟಾಗಿ ಊರು ಬಿಡುವುದು ಸುಲಭವಲ್ಲ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಅಡಿಕೆ ಕೊನೆ (ಗೊನೆ) ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಂದು ಅಂಗಳಕ್ಕೆ ಬಿಡುವೇ ಇರುವುದಿಲ್ಲ. ಮೇ ತಿಂಗಳು ಮುಗಿಯುತ್ತಾ ಬಂತೆಂದರೆ ಕೊಳೆರೋಗ ತಡೆಯಲು ಮೊದಲ ಕೊಳೆ ಮದ್ದು ಹೊಡೆಸಬೇಕು, ಮಳೆ ತಾಗದಂತೆ ಕೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿಸಬೇಕು, ಮರ ಹತ್ತುವ ಕೊನೆಗಾರರು ಯಾವ ದಿನ ಯಾರ ಮನೆಗೆ ಬರುತ್ತಾರೆಂದು ಕಾದು ಕೂರಬೇಕು. ಇವೆರಡರ ನಡುವೆ ನಮಗೆ ಸಿಗುವುದು ಏಪ್ರಿಲ್ ತಿಂಗಳೊಂದೇ. ಆಗಲೂ ತೋಟಕ್ಕೆ ನೀರು ಬಿಡಲು ಮನೆಯಲ್ಲಿ ಒಬ್ಬರು ಉಳಿಯಲೇಬೇಕು. ನಾನು ಶಿವಮೊಗ್ಗದ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು. ಮೌಲ್ಯಮಾಪನ ಮುಗಿಸಿಕೊಂಡು ನಾನು ಬಿಡುವಾಗುವುದೂ ಅದೇ ಹೊತ್ತಿಗೆ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯವರು, ಸಾಗರದ ನೆಂಟರು, ಶಿವಮೊಗ್ಗದಲ್ಲಿ ನಮ್ಮ ಬೀದಿಯ ನಾಲ್ಕು ಮನೆಯವರು ಹೀಗೆ 28 ಜನ ಸೇರಿ ಕಳೆದ ಏಪ್ರಿಲ್ ಕೊನೆಯ ವಾರ ಆಸ್ಟ್ರಿಯಾ ದೇಶದ ಟಿರೋಲ್ ಪ್ರಾಂತ್ಯಕ್ಕೆ ಹೋಗಿ, ಒಂದೇ ಬಸ್ಸಿನಲ್ಲಿ ಓಡಾಡಿಕೊಂಡು, ಸ್ಟೂಬಾಯ್ ಹಿಮನದಿಯ ಮೇಲೆ ಐದು ದಿನ ಸ್ಕೀಯಿಂಗ್, ಅಂದರೆ ಬೂಟಿಗೆ ಸ್ಕೀ ಎಂಬ ಉದ್ದನೆಯ ಪಟ್ಟಿ ಸಿಕ್ಕಿಸಿಕೊಂಡು ಹಿಮದ ಮೇಲೆ ಜಾರುವುದನ್ನು ಕಲಿತು ಬಂದೆವು. ಮೈದುನ ನೀರು ಬಿಡಲು ಮನೆಯಲ್ಲಿ ಉಳಿದ. ಊರಿಗೆ ಮರಳಿದ ದಿನದಿಂದ ಬಂಧುಗಳು, ಪರಿಚಿತರು ತಾವೂ ಹೋಗಬೇಕೆಂದು ವಿಚಾರಿಸುತ್ತಲೇ ಇದ್ದಾರೆ. ನಮ್ಮಿಂದಾದ ತಪ್ಪು ಅವರಿಂದ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಏಪ್ರಿಲ್ ಕೊನೆಯಲ್ಲಿ ಹಿಮ ಎಲ್ಲಿರುತ್ತದೆ ಎಂದು ಮೊದಲು ಕೇಳಿದವರು ನಮ್ಮ ಭಾವ. ಪ್ರಶ್ನೆ ಸರಿಯಾಗಿಯೇ ಇತ್ತು. ಆಲ್ಪ್ಸ್ ಪರ್ವತಗಳ ತಗ್ಗಿನ ಸ್ಕೀ ಊರುಗಳಲ್ಲಿ ಆ ಹೊತ್ತಿಗೆ ಹುಲ್ಲು ಚಿಗುರಿ, ಹೂವು ಬಿಟ್ಟು, ದನಗಳನ್ನು ಮೇಯಲು ಬಿಡುವ ಸಿದ್ಧತೆ ನಡೆದಿರುತ್ತದೆ. ಸ್ಕೀಯಿಂಗ್ ಉಳಿಯುವುದು ಬಹಳ ಎತ್ತರದಲ್ಲಿ, ಮುಖ್ಯವಾಗಿ ಹಿಮನದಿಗಳ ಮೇಲೆ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್ ಇದೆ. ಸ್ಟೂಬಾಯ್‌ನಲ್ಲಿ ರೋಪ್‌ವೇ ಹೊರಡುವ ಮುಟ್ಟರ್‌ಬೆರ್ಗ್ ನಿಲ್ದಾಣವೇ ಸುಮಾರು 1,750 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಮೇಲೆ ಹೋದರೆ ತುದಿಯ ನೋಟದ ಕಟ್ಟೆ 3,210 ಮೀಟರ್. ಹಿಮ ಬಿದ್ದು, ಕರಗದೆ ಉಳಿದು, ಅದರ ಮೇಲೆ ಮತ್ತೆ ಹಿಮ ಬಿದ್ದು, ತನ್ನದೇ ಭಾರಕ್ಕೆ ಅದುಮಿಕೊಂಡು ಮಂಜುಗಡ್ಡೆಯಾಗಿ, ಆ ಗಡ್ಡೆ ಇಳಿಜಾರಿನಲ್ಲಿ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹರಿಯತೊಡಗಿದರೆ ಅದು ಹಿಮನದಿ. ಸ್ಕೀ ಓಡುವುದು ಈ ಗಡ್ಡೆಯ ಮೇಲೆ ಆ ಚಳಿಗಾಲದಲ್ಲಿ ಬಿದ್ದು ಕೂತ ಹಿಮದ ಪದರದಲ್ಲಿ. ಗಡ್ಡೆ ಹರಿಯುವುದರಿಂದಲೇ ಅದರಲ್ಲಿ ಆಳವಾದ ಬಿರುಕುಗಳು ಬೀಳುತ್ತವೆ ಮತ್ತು ಹಿಮದ ಹೊದಿಕೆ ಅವನ್ನು ಮುಚ್ಚಿಟ್ಟಿರುತ್ತದೆ; ಆದ್ದರಿಂದ ಕಂಬ ನೆಟ್ಟು ಗುರುತು ಮಾಡಿದ ದಾರಿ ಬಿಟ್ಟು ಆಚೆ ಒಂದು ಮಾರು ಕೂಡ ಹೋಗಬಾರದೆಂಬ ನಿಯಮವನ್ನು ಮಕ್ಕಳಿಗೂ ಹಿರಿಯರಿಗೂ ಹೊರಡುವ ಮೊದಲೇ ಹೇಳಿ ಒಪ್ಪಿಸಬೇಕು.

ವಸಂತದ ಹಿಮಕ್ಕೆ ಅದರದೇ ಹೊತ್ತುಗಳಿವೆ ಎಂಬುದನ್ನು ಹೋಗುವ ಮುನ್ನ ನಮಗೆ ಯಾರೂ ಹೇಳಿರಲಿಲ್ಲ, ಮತ್ತು ಈ ಬರಹದಲ್ಲಿ ನಾನು ಹೇಳಬೇಕಾದ ಮುಖ್ಯ ಸಂಗತಿ ಅದೇ. ಹಗಲಿನ ಬಿಸಿಲಿಗೆ ಹಿಮದ ಮೇಲ್ಪದರ ಕರಗುತ್ತದೆ. ರಾತ್ರಿ ಆಕಾಶ ಶುಭ್ರವಾಗಿದ್ದರೆ ಹಿಮ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಮತ್ತೆ ಗಟ್ಟಿಯಾಗುತ್ತದೆ. ಮಾರ್ಗಶಿರದ ಶುಭ್ರ ರಾತ್ರಿಗಳಲ್ಲಿ ನಮ್ಮ ಗದ್ದೆ ಬಯಲಿನಲ್ಲಿ ಇಬ್ಬನಿ ಹೆಚ್ಚಾಗಿ ಬೀಳುವುದಕ್ಕೂ, ಮೋಡ ಕವಿದ ರಾತ್ರಿ ಬೀಳದಿರುವುದಕ್ಕೂ ಇರುವ ಕಾರಣ ಇದೇ. ಹೀಗೆ ದಿನವೂ ಕರಗುತ್ತಾ, ದಿನವೂ ಹೆಪ್ಪುಗಟ್ಟುತ್ತಾ ಹಿಮದ ಎಸಳುಗಳು ತಮ್ಮ ಮೂಲ ಆಕಾರ ಕಳೆದುಕೊಂಡು ಉರುಟು ಕಾಳುಗಳಾಗುತ್ತವೆ. ಟಿರೋಲಿನವರು ಇದನ್ನು ಫಿರ್ನ್ ಎನ್ನುತ್ತಾರೆ. ನಾಲ್ಕನೆಯ ದಿನ ನಾನು ಒಂದೇ ಜಾಗದಲ್ಲಿ ಮೂರು ಬಾರಿ ಕೈಗವಸು ತೆಗೆದು ಹಿಮ ಮುಟ್ಟಿ ನೋಡಿದೆ. ಎಂಟೂವರೆಗೆ ಅದು ಕಲ್ಲುಸಕ್ಕರೆಯ ಅಚ್ಚಿನಂತಿತ್ತು, ಉಗುರು ಊರಲಿಲ್ಲ. ಹತ್ತೂವರೆಗೆ ಮೇಲಿನ ಎರಡು ಬೆರಳಿನಷ್ಟು ಪದರ ಸಡಿಲಾಗಿ, ಚಿರೋಟಿ ರವೆಯಂತೆ ಬೆರಳ ಸಂದಿಯಿಂದ ಉದುರಿತು. ಅದರ ಕೆಳಗೆ ಗಟ್ಟಿ ನೆಲ ಹಾಗೇ ಇತ್ತು. ಒಂದು ಗಂಟೆಗೆ ಮುಷ್ಟಿ ಒಳಗೆ ಹೋಯಿತು, ಹಿಂಡಿದರೆ ನೀರು ಸೋರಿತು, ಗಂಜಿಯಂತಾಗಿತ್ತು. ಸ್ಕೀ ಕಲಿಯುವವನಿಗೆ ಬೇಕಾದದ್ದು ನಡುವಿನ ಆ ಎರಡು ಮೂರು ಗಂಟೆ. ಬೇಗ ಹೋದರೆ ಜಾರಿಕೆ ಹಿಡಿತಕ್ಕೆ ಸಿಗುವುದಿಲ್ಲ, ತಡವಾಗಿ ಹೋದರೆ ಸ್ಕೀ ಹೂತುಕೊಂಡು ಮೊಣಕಾಲು ತಿರುಚುತ್ತದೆ. ರಾತ್ರಿ ಮೋಡವಿದ್ದರೆ ಹಿಮ ಗಟ್ಟಿಯಾಗುವುದೇ ಇಲ್ಲ. ಅಂಥ ಬೆಳಿಗ್ಗೆ ಹೆಚ್ಚು ಎತ್ತರದ ಇಳಿಜಾರು ಹುಡುಕಿಕೊಂಡು ಹೋಗುವುದು ಒಳ್ಳೆಯದು.

ಮೊದಲ ದಿನವನ್ನು ನಾವು ಕಳೆದುಕೊಂಡದ್ದು ಈ ಹೊತ್ತಿನ ಲೆಕ್ಕ ತಿಳಿಯದೆ. ವಿಮಾನ ತಡವಾಗಿ, ಜರ್ಮನಿಯ ಮ್ಯೂನಿಕ್‌ನಿಂದ ಬಸ್ಸು ಹೋಟೆಲು ತಲುಪಿದಾಗ ರಾತ್ರಿ ಹನ್ನೊಂದು ಗಂಟೆ. ಹೋಟೆಲನ್ನು ಗೊತ್ತು ಮಾಡಿಕೊಟ್ಟ ಏಜೆಂಟರು ಹಣ ಸ್ವಲ್ಪ ಕಡಿಮೆಯಾಗುತ್ತದೆಂದು ಅದನ್ನು ಸ್ಟೂಬಾಯ್ ಕಣಿವೆಯಿಂದ ಬಹಳ ದೂರದಲ್ಲಿ, ಇನ್ ನದಿಯ ಕಣಿವೆಯಲ್ಲಿ ಹಿಡಿದಿದ್ದರು. ಮುಟ್ಟರ್‌ಬೆರ್ಗ್ ತಲುಪಲು ಒಂದೂಕಾಲು ಗಂಟೆ ಬೇಕಿತ್ತು, ಮತ್ತು ಈ ವಿಷಯ ನಮಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ. ಯುರೋಪಿನ ಒಕ್ಕೂಟದ ನಿಯಮದಂತೆ ಬಸ್ಸಿನ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಮಿಸಬೇಕು, ದಿನದ ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ 11 ಗಂಟೆ ಸತತ ವಿಶ್ರಾಂತಿ ಪಡೆಯಬೇಕು. ಇದನ್ನು 9 ಗಂಟೆಗೆ ಇಳಿಸುವ ಅವಕಾಶ ಕೆಲವೇ ಬಾರಿ ಇದ್ದು, ನಮ್ಮ ಚಾಲಕರು ಹಿಂದಿನ ಗುಂಪಿನೊಂದಿಗೆ ಅದನ್ನು ಬಳಸಿ ಮುಗಿಸಿದ್ದರು. ಎಲ್ಲವೂ ಬಸ್ಸಿನೊಳಗಿನ ಟ್ಯಾಕೋಗ್ರಾಫ್ ಎಂಬ ಯಂತ್ರದಲ್ಲಿ ದಾಖಲಾಗುತ್ತದೆ. ಹೀಗಾಗಿ ಮರುದಿನ ಬಸ್ಸು ಹೊರಟದ್ದು ಹತ್ತು ಗಂಟೆಗೆ. ಗುಂಪಿನಲ್ಲಿ ಒಂದಿಬ್ಬರು ಗೊಣಗಿದರು, ಆದರೆ ಆ ನಿಯಮದ ಬಗ್ಗೆ ನನಗೆ ಗೌರವ ಹುಟ್ಟಿತು. ಶಿವಮೊಗ್ಗ ಬೆಂಗಳೂರು ದಾರಿಯಲ್ಲಿ ರಾತ್ರಿಯಿಡೀ ಬಸ್ಸು ಓಡಿಸುವ ನಮ್ಮ ಚಾಲಕರಿಗೂ ಅಷ್ಟು ನಿದ್ದೆ ಸಿಗಬೇಕೆಂದು ಮನಸ್ಸಿಗೆ ಬಂತು.

ಮುಟ್ಟರ್‌ಬೆರ್ಗ್ ತಲುಪಿ, 28 ಜನರಿಗೆ ಬೂಟು, ಸ್ಕೀ, ಹೆಲ್ಮೆಟ್ ಬಾಡಿಗೆಗೆ ಪಡೆದು, ರೋಪ್‌ವೇಯಲ್ಲಿ 2,600 ಮೀಟರ್ ಎತ್ತರದ ಗಾಮ್ಸ್‌ಗಾರ್ಟನ್‌ಗೆ ಹೋಗಿ ಹಿಮದ ಮೇಲೆ ಕಾಲಿಟ್ಟಾಗ ಒಂದೂವರೆ ಗಂಟೆ. ಹಿಮ ಆಗಲೇ ಗಂಜಿಯಾಗಿತ್ತು. ಕಾಲು ಎತ್ತಲಾಗದೆ ಒಬ್ಬೊಬ್ಬರೇ ಕುಸಿದರು. ಅತ್ತಿಗೆಯ ಎಡಗಾಲಿನ ಸ್ಕೀ ಹೂತುಕೊಂಡು ಮೊಣಕಾಲು ತಿರುಚಿ, ಅವರು ಉಳಿದ ನಾಲ್ಕೂ ದಿನ ಹೋಟೆಲಿನ ಬಿಸಿಲುಮಚ್ಚಿನಲ್ಲಿ ಕಾಲು ಚಾಚಿ ಕೂರಬೇಕಾಯಿತು. ಒಂದು ವರ್ಷ ಕೂಡಿಟ್ಟ ಹಣ, ಹೊಸದಾಗಿ ಹೊಲಿಸಿದ ದಪ್ಪ ಅಂಗಿ, ಮೊಮ್ಮಗಳಿಗೆ ಕೊಟ್ಟ ಮಾತು ಎಲ್ಲವೂ ಅವರಿಗೆ ಮೊದಲ ಮಧ್ಯಾಹ್ನದಲ್ಲೇ ಮುಗಿಯಿತಲ್ಲ ಎಂಬ ನೋವು ನನಗೆ ಇನ್ನೂ ಹೋಗಿಲ್ಲ.

ಆ ರಾತ್ರಿ ಹೋಟೆಲಿನ ಊಟದ ಮೇಜಿನಲ್ಲೇ ಎಲ್ಲರೂ ಕೂತು ಮಾತಾಡಿದೆವು. ಬೆಳಗಿನ ಉಪಾಹಾರವನ್ನು ಕಟ್ಟಿಸಿಕೊಂಡು ಆರೂಮುಕ್ಕಾಲಿಗೆ ಹೊರಡೋಣ, ಸಂಜೆ ಚಾಲಕರನ್ನು ಬೇಗ ಬಿಡೋಣ ಎಂದು ನಾನು ಹೇಳಿದಾಗ, ಅಷ್ಟು ಬೇಗ ಎಲ್ಲರೂ ಏಳುವುದುಂಟೆ ಎಂಬ ತಕರಾರು ಬಂತು. ಆಗ 67 ವರ್ಷದ ಚಿಕ್ಕಪ್ಪ, ಅದುವರೆಗೆ ಸುಮ್ಮನೆ ಕೂತಿದ್ದವರು, "ಇದು ಮುಹೂರ್ತ ಇದ್ದ ಹಾಗೆ ಮಾರಾಯ್ತಿ. ದಿಬ್ಬಣದ ಬಸ್ಸು ತಡವಾದರೆ ಮುಹೂರ್ತ ನಿಲ್ಲುತ್ತದಾ?" ಎಂದರು. ಮರುದಿನ ಆರೂವರೆಗೆ 27 ಜನರೂ ಬಸ್ಸಿನ ಬಳಿ ಇದ್ದರು. ಹೋಟೆಲಿನವರು ಬ್ರೆಡ್ಡು, ಗಿಣ್ಣು, ಸೇಬು ಕಟ್ಟಿಕೊಟ್ಟಿದ್ದರು. ಅದರ ಜೊತೆಗೆ ಸಾಗರದ ಅತ್ತೆ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ಹಿಂದಿನ ಸೀಟಿನಿಂದ ಮುಂದಿನ ಸೀಟಿನವರೆಗೆ ಸಾಗಿ ಬಂತು.

ಬಸ್ಸಿನ ದಾರಿಯೇ ಒಂದು ನೋಟ. ಇನ್ಸ್‌ಬ್ರುಕ್ ದಾಟಿ ಬ್ರೆನ್ನರ್ ಹೆದ್ದಾರಿಗೆ ಸೇರಿದರೆ 1963ರಲ್ಲಿ ಪೂರ್ಣಗೊಂಡ ಯೂರೋಪಾ ಸೇತುವೆ ಸಿಗುತ್ತದೆ. ಅದು ಕಣಿವೆಯ ತಳದಿಂದ 190 ಮೀಟರ್ ಎತ್ತರದಲ್ಲಿದೆ. ನಮ್ಮ ಜೋಗದ ಧುಮುಕು 253 ಮೀಟರ್ ಎಂದು ನೆನೆದರೆ ಆ ಆಳ ಮನಸ್ಸಿಗೆ ಬರುತ್ತದೆ. ಸೇತುವೆ ದಾಟಿ ಸ್ಟೂಬಾಯ್ ಕಣಿವೆಗೆ ತಿರುಗಿದ ಮೇಲೆ ಫುಲ್ಪ್‌ಮೆಸ್ ಎಂಬ ಕಮ್ಮಾರರ ಊರು. ಪರ್ವತಾರೋಹಿಗಳ ಹಿಮಕೊಡಲಿಗಳಿಗೆ ಅದು ಬಹಳ ಹಿಂದಿನಿಂದ ಹೆಸರುವಾಸಿ. ಆಮೇಲೆ ನೊಯ್‌ಸ್ಟಿಫ್ಟ್. ಸುಮಾರು 1,000 ಮೀಟರ್ ಎತ್ತರದ ಆ ಊರಿನಲ್ಲೇ ನಾವು ಉಳಿಯಬೇಕಿತ್ತು. ಆಗುಂಬೆ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರಿಗೆ ಈ ದಾರಿ ಏನೂ ತೊಂದರೆ ಕೊಡಲಿಲ್ಲ.

ಹಿಮದ ಮೇಲೆ ಸರಿಯಾದ ಹೊತ್ತಿಗೆ ನಿಂತ ಮೇಲೆ ಕಲಿಕೆ ಬೇರೆಯೇ ಆಯಿತು. ಹೊಸಬರಿಗೆ ಮೊದಲು ಕಲಿಸುವುದು ಎರಡೂ ಸ್ಕೀಗಳ ಮುಂತುದಿಯನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಿ, ಒಳಗಿನ ಅಂಚುಗಳಿಂದ ಹಿಮವನ್ನು ಕೆರೆಯುತ್ತಾ ವೇಗ ತಗ್ಗಿಸುವ ಭಂಗಿ. ಅದಕ್ಕೆ ಜರ್ಮನ್ ಭಾಷೆಯಲ್ಲಿರುವ ಹೆಸರು ನೇಗಿಲು ಎಂಬ ಅರ್ಥದ್ದು ಎಂದು ತರಬೇತುದಾರರು ಹೇಳಿದಾಗ ಚಿಕ್ಕಪ್ಪ ತಮ್ಮ ಎರಡು ಸ್ಕೀಗಳನ್ನೂ ಬಹಳ ಹೊತ್ತು ನೋಡಿದರು. ನಮ್ಮಲ್ಲಿ ಹಳ್ಳಿಯಲ್ಲಿ ಬೆಳೆದ ಎಲ್ಲರೂ ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟದ ಒಣ ಹುಲ್ಲಿನ ಇಳಿಜಾರಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಜಾರಿದವರೇ. ಆ ಅಭ್ಯಾಸ ಇಲ್ಲಿ ಅಡ್ಡಿಯಾಯಿತು. ಹಾಳೆಯ ಮೇಲೆ ಹೆದರಿಕೆಯಾದಾಗ ನಾವು ಹಿಂದಕ್ಕೆ ಒರಗುತ್ತಿದ್ದೆವು. ಸ್ಕೀಯ ಮೇಲೆ ಹಿಂದಕ್ಕೆ ಒರಗಿದರೆ ಮುಂಭಾಗದ ಮೇಲಿನ ಭಾರ ಹೋಗಿ ತಿರುಗಿಸುವ ಶಕ್ತಿಯೇ ಇಲ್ಲವಾಗುತ್ತದೆ, ವೇಗ ಮಾತ್ರ ಏರುತ್ತದೆ. ಮೊಣಕಾಲು ಬಗ್ಗಿಸಿ, ಕಣಕಾಲಿನ ಮುಂಭಾಗದಿಂದ ಬೂಟಿನ ನಾಲಗೆಯನ್ನು ಒತ್ತುತ್ತಾ ಕಣಿವೆಯ ಕಡೆಗೇ ಬಾಗಬೇಕು. ಜಾರುವ ಕಡೆಗೇ ಮೈಯೊಡ್ಡುವುದನ್ನು ದೇಹ ಒಪ್ಪಲು ಎರಡು ದಿನ ಹಿಡಿಯುತ್ತದೆ. ಮಳೆಗಾಲದಲ್ಲಿ ಗದ್ದೆಯ ಅಂಚಿನ ಮೇಲೆ ಹುಲ್ಲುಹೊರೆ ಹೊತ್ತು ನಡೆದು ಅಭ್ಯಾಸವಿದ್ದ ಚಿಕ್ಕಪ್ಪನಿಗೆ ಅದು ಎಲ್ಲರಿಗಿಂತ ಬೇಗ ಒಲಿಯಿತು. ಮೂರನೆಯ ದಿನ ಹನ್ನೊಂದು ಗಂಟೆಗೆ ಅವರು ನೀಲಿ ಗುರುತಿನ ಸುಲಭದ ಇಳಿಜಾರೊಂದನ್ನು ಮೇಲಿನಿಂದ ಕೆಳಗಿನವರೆಗೆ ಒಂದೂ ಬಾರಿ ಬೀಳದೆ, ಏಳು ತಿರುವು ತೆಗೆದುಕೊಂಡು ಬಂದು ನಿಂತರು. ಕೆಳಗೆ ಕಾಯುತ್ತಿದ್ದ ನಾವೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದೆವು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಇನ್ನೊಂದು ಸಲ ಹೋಗಬಹುದೇ ಎಂದು ತರಬೇತುದಾರರನ್ನು ಕೇಳುವಂತೆ ನನಗೆ ಹೇಳಿದರು.

ಬೂಟಿನ ವಿಷಯದಲ್ಲಿ ನಮ್ಮವರು ಮಾಡುವ ತಪ್ಪೊಂದಿದೆ. ಚಳಿಗೆ ಹೆದರಿ ಎರಡು ಮೂರು ಜೊತೆ ಕಾಲುಚೀಲ ಹಾಕಿಕೊಳ್ಳುತ್ತಾರೆ, ಅವು ಹಿಡಿಸಲೆಂದು ದೊಡ್ಡ ಬೂಟು ಕೇಳುತ್ತಾರೆ. ಒಳಗೆ ಮಡಿಕೆ ಬಿದ್ದ ಕಾಲುಚೀಲ ರಕ್ತ ಸಂಚಾರ ತಡೆದು ಕಾಲನ್ನು ಇನ್ನಷ್ಟು ತಣ್ಣಗಾಗಿಸುತ್ತದೆ, ಸಡಿಲ ಬೂಟಿನೊಳಗೆ ಪಾದ ಅಲುಗಿ ಸ್ಕೀ ಮಾತು ಕೇಳುವುದಿಲ್ಲ. ಮೊಣಕಾಲಿನವರೆಗೆ ಬರುವ, ಒಂದೇ ಜೊತೆ ತೆಳು ಕಾಲುಚೀಲ ಸಾಕು. ಬಾಡಿಗೆಯ ಅಂಗಡಿಯಲ್ಲಿ ತೂಕ, ಎತ್ತರ, ವಯಸ್ಸು ಕೇಳಿದಾಗ ಸಂಕೋಚವಿಲ್ಲದೆ ನಿಜ ಹೇಳಬೇಕು. ಬಿದ್ದಾಗ ಬೂಟಿನಿಂದ ಸ್ಕೀ ಕಳಚಿಕೊಳ್ಳುವ ಬಿಗಿತವನ್ನು ಹೊಂದಿಸುವುದು ಆ ಲೆಕ್ಕದ ಮೇಲೆ. ಬಿಸಿಲನ್ನು ಲಘುವಾಗಿ ಎಣಿಸಬಾರದು. ಎತ್ತರ 1,000 ಮೀಟರ್ ಏರಿದಂತೆ ನೇರಳಾತೀತ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಶೇ 80ರವರೆಗೆ ಮತ್ತೆ ಮೇಲಕ್ಕೆ ಎಸೆಯುತ್ತದೆ. ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಅಂಚಿಗೂ ಮುಲಾಮು ಹಚ್ಚಬೇಕು. 3,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಶೇ 70 ಮಾತ್ರ ಇರುವುದರಿಂದ ರಕ್ತದೊತ್ತಡ ಮತ್ತು ಹೃದಯದ ತೊಂದರೆಯಿರುವವರು ಶಿವಮೊಗ್ಗದಲ್ಲೇ ವೈದ್ಯರನ್ನು ಕಂಡು ಹೊರಡುವುದು ಅಗತ್ಯ.

ಕೊನೆಯ ದಿನ ಮಧ್ಯಾಹ್ನ ಹಿಮ ಮೆತ್ತಗಾದ ಮೇಲೆ ನಾವು ರೋಪ್‌ವೇಯಲ್ಲಿ ತುದಿಯ ಕಟ್ಟೆಗೆ ಹೋದೆವು. 3,210 ಮೀಟರ್. ಪಕ್ಕದ ಯೋಟ್ಸ್‌ಟಾಲ್ ಪರ್ವತಸಾಲಿನಲ್ಲಿ, ಸರಿಯಾಗಿ ಅಷ್ಟೇ ಎತ್ತರದ ಕಣಿವೆಬಾಯಿಯೊಂದರಲ್ಲಿ 1991ರ ಸೆಪ್ಟೆಂಬರ್ 19ರಂದು, ಸುಮಾರು 5,300 ವರ್ಷ ಮಂಜುಗಡ್ಡೆಯೊಳಗೆ ಕಾಪಾಡಿಕೊಂಡಿದ್ದ ಮನುಷ್ಯನ ದೇಹ ಚಾರಣಿಗರಿಗೆ ಸಿಕ್ಕಿತು. ಯೋಟ್ಸಿ ಎಂದು ಕರೆಯುವುದು ಅವನನ್ನೇ. ಗಡ್ಡೆ ಕರಗಿದ್ದರಿಂದ ಅವನು ಹೊರಬಂದ. ಕರಗುವುದು ಅಲ್ಲಿಗೆ ನಿಂತಿಲ್ಲ. ನೆರೆಯ ಸ್ವಿಟ್ಜರ್‌ಲೆಂಡಿನ ಹಿಮನದಿಗಳು 2022ರಲ್ಲಿ ತಮ್ಮ ಗಾತ್ರದ ಶೇ 6ರಷ್ಟನ್ನೂ, 2023ರಲ್ಲಿ ಶೇ 4ರಷ್ಟನ್ನೂ ಕಳೆದುಕೊಂಡವು. ವಿಶ್ವಸಂಸ್ಥೆ 2025ನ್ನು ಹಿಮನದಿಗಳ ಸಂರಕ್ಷಣೆಯ ವರ್ಷವೆಂದು ಸಾರಿತು. ಬೇಸಿಗೆ ಶುರುವಾಗುವಾಗ ಸ್ಟೂಬಾಯ್‌ನಲ್ಲಿ ಲಿಫ್ಟಿನ ಕಂಬಗಳ ಸುತ್ತಲೂ ಆಯ್ದ ಜಾಗಗಳಲ್ಲೂ ಹಿಮದ ಮೇಲೆ ದಪ್ಪ ಬಿಳಿ ಬಟ್ಟೆಯ ಹಾಸು ಹೊದಿಸುತ್ತಾರೆ. ಹೊದಿಸಿದ ಕಡೆ ಕರಗುವುದು ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ. ಸುತ್ತಿಟ್ಟ ಹಾಸಿನ ಉರುಳೆಗಳು ದಾರಿಯ ಬದಿಯಲ್ಲಿ ಸಾಲಾಗಿ ಬಿದ್ದಿದ್ದವು. ಇದೇನೆಂದು ಭಾವ ಕೇಳಿದರು. ನಾನು ವಿವರಿಸಿದ ಮೇಲೆ ಅವರು ಉರುಳೆಯ ಅಂಚನ್ನು ಬೆರಳಿನಲ್ಲಿ ಉಜ್ಜಿ ನೋಡಿ, "ಇವರೂ ಕೊಟ್ಟೆ ಕಟ್ಟುತ್ತಾರೆ" ಎಂದು ಮೆಲ್ಲಗೆ ಹೇಳಿದರು. ಅಡಿಕೆ ಕೊನೆಗೆ ಕೊಟ್ಟೆ ಕಟ್ಟಿದರೂ ಆ ಮರದ ಕೊನೆಯಷ್ಟೇ ಉಳಿಯುತ್ತದೆ, ತೋಟವಿಡೀ ಕೊಳೆಯುವುದು ನಿಲ್ಲುವುದಿಲ್ಲ ಎಂಬುದು ಭಾವನಿಗೆ ನನಗಿಂತ ಚೆನ್ನಾಗಿ ಗೊತ್ತು. ಹಿಮನದಿಯ ಮಾತೂ ಅದೇ. ಕಟ್ಟೆಯ ಕಂಬಿ ಹಿಡಿದು ಅವರು ಬಹಳ ಹೊತ್ತು ಕೆಳಗೆ ನೋಡುತ್ತಾ ನಿಂತಿದ್ದರು. ಇಷ್ಟು ದೂರ ವಿಮಾನದಲ್ಲಿ ಹಾರಿ ಬಂದ ನಮ್ಮ ಪಾಲೂ ಆ ಕರಗುವಿಕೆಯಲ್ಲಿ ಇದೆಯೆಂಬುದನ್ನು ನಾನು ಮರೆತಿಲ್ಲ. ಆದ್ದರಿಂದ ಹೋಗುವವರು ಎರಡು ದಿನದ ಓಟಕ್ಕೆ ಹೋಗದೆ, ಹೋದರೆ ಒಮ್ಮೆ ಸರಿಯಾಗಿ ಹೋಗಿ ಕಲಿತು ಬರಲಿ ಎಂಬುದು ನನ್ನ ಆಸೆ.

ಉಳಿದ ಮಾತು ಚಿಕ್ಕವು. ಆಸ್ಟ್ರಿಯಾ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕೇಬೇಕು, ಆದರೆ ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೀಯಿಂಗ್ ಸೇರಿರದಿರಬಹುದು. ಪಾಲಿಸಿಯನ್ನು ಓದಿ, ಚಳಿಗಾಲದ ಕ್ರೀಡೆ ಮತ್ತು ಹೆಲಿಕಾಪ್ಟರ್ ರಕ್ಷಣೆ ಸೇರಿಸಿಕೊಳ್ಳಿ. ಹಾಲಿನ ಪದಾರ್ಥ, ಮಾಂಸ ಒಯ್ಯಲು ಯುರೋಪಿನ ಒಕ್ಕೂಟ ಬಿಡುವುದಿಲ್ಲ, ಆದ್ದರಿಂದ ತುಪ್ಪ, ಪೇಡೆ ಮನೆಯಲ್ಲೇ ಇರಲಿ. ಅವಲಕ್ಕಿ, ಚಟ್ನಿಪುಡಿ ಸಾಕು. ಎರಡು ತಿಂಗಳು ಮೊದಲೇ ಬಸ್ಕಿ ಹೊಡೆಯಲು, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂರಲು ಶುರು ಮಾಡಿ. ನಾವು ನಾಲ್ಕು ಭಾನುವಾರ ಕವಲೇದುರ್ಗದ ಮೆಟ್ಟಿಲು ಹತ್ತಿ ಇಳಿದದ್ದು, ಅದರಲ್ಲೂ ಇಳಿದದ್ದು, ತೊಡೆಗೆ ಬಹಳ ನೆರವಾಯಿತು. ಇಳಿಜಾರಿನಲ್ಲಿ ನಿಮ್ಮ ಮುಂದೆ ಕೆಳಗಿರುವವನಿಗೇ ಮೊದಲ ಹಕ್ಕು, ಹಿಂದಿನಿಂದ ಬರುವವನು ತಪ್ಪಿಸಿಕೊಂಡು ಹೋಗಬೇಕು ಎಂಬುದನ್ನು ಬಸ್ಸಿನಲ್ಲೇ ಎಲ್ಲರಿಗೂ ಓದಿ ಹೇಳಿ.

ಮುಂದಿನ ಏಪ್ರಿಲ್‌ಗೆ ನೊಯ್‌ಸ್ಟಿಫ್ಟ್ ಊರಿನೊಳಗೇ ಹೋಟೆಲು ಹಿಡಿಯುವುದೆಂದೂ, ಬಂದಿಳಿದ ಮರುದಿನ ಸ್ಕೀಯಿಂಗ್ ಇಟ್ಟುಕೊಳ್ಳದೆ ಬೂಟು ಹೊಂದಿಸಿಕೊಂಡು ಸುಮ್ಮನೆ ಊರು ತಿರುಗುವುದೆಂದೂ ತೀರ್ಮಾನವಾಗಿದೆ. ಅತ್ತಿಗೆಯ ಮೊಣಕಾಲು ಗುಣವಾಗಿದೆ. ಅವರ ಹೆಸರು ಪಟ್ಟಿಯಲ್ಲಿ ಮೊದಲನೆಯದು, ಮೈದುನನದು ಎರಡನೆಯದು. ತೋಟಕ್ಕೆ ನೀರು ಬಿಡಲು ಈ ಸಲ ಭಾವ ಉಳಿಯುತ್ತಾರೆ.